ಅಮೆರಿಕದಲ್ಲಿ ಪೊಲೀಸರ ಮೇಲೆ ನಾಗರಿಕ ಹಕ್ಕಿನ ದಾವೆ: ಏಳು ತಿಂಗಳಾಗಿದೆ, ಇನ್ನೂ ಅವಕಾಶ ಇದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕ್ಯಾಲಿಫೋರ್ನಿಯಾದಲ್ಲಿ ಎಚ್-1ಬಿ ವೀಸಾದಲ್ಲಿರುವ ನಿಮ್ಮ ತಮ್ಮನ ಕಾರನ್ನು ನಗರ ಪೊಲೀಸರು ತಡೆದರು, ಅವನನ್ನು ನೆಲಕ್ಕೆ ಕೆಡವಿದರು, ಮಣಿಕಟ್ಟು ಮುರಿಯಿತು. ಈಗ ಏಳು ತಿಂಗಳಾಗಿದೆ. ಬಂಧನಕ್ಕೆ ಅಡ್ಡಿಪಡಿಸಿದನೆಂದು ಅವನ ಮೇಲೇ ಕ್ರಿಮಿನಲ್ ಕೇಸಿದೆ. ಇಲಾಖೆಗೆ ಕೊಟ್ಟ ದೂರಿಗೆ ಉತ್ತರವಿಲ್ಲ. ಅದೆರಡೂ ಮುಗಿದ ಮೇಲೆ ಪರಿಹಾರದ ದಾವೆ ಹೂಡಿದರೆ ಆಗುತ್ತದೆಯೇ ಎಂದು ಕೇಳಿದ್ದೀರಿ.

ದಯವಿಟ್ಟು ಕಾಯಬೇಡಿ. ಅವನಿಗೆ ಅನ್ವಯಿಸುವ ಗಡುವುಗಳು ಎರಡು. ಆರು ತಿಂಗಳದ್ದು ಆಗಲೇ ದಾಟಿದೆ. ಅದನ್ನು ಉಳಿಸಿಕೊಳ್ಳುವ ಒಂದು ಕಿರುದಾರಿ ಘಟನೆಯಾದ ದಿನದಿಂದ ಒಂದು ವರ್ಷದವರೆಗೆ ತೆರೆದಿರುತ್ತದೆ. ಎರಡು ವರ್ಷದ್ದು ಇನ್ನೂ ಓಡುತ್ತಿದೆ.

ಎರಡು ವರ್ಷದ್ದು ಫೆಡರಲ್ ದಾವೆಯದು, ‘ಸೆಕ್ಷನ್ 1983’ ಎನ್ನುತ್ತಾರಲ್ಲ, ಅದು. 1983 ಇಸವಿಯಲ್ಲ, ಸೆಕ್ಷನ್ನಿನ ಸಂಖ್ಯೆ, ಕಾನೂನು 1871ರದು. ಎಷ್ಟು ದಿನದೊಳಗೆ ದಾವೆ ಹೂಡಬೇಕೆಂದು ಅದರಲ್ಲಿ ಬರೆದೇ ಇಲ್ಲ. ಹಾಗಾಗಿ ಘಟನೆ ನಡೆದ ರಾಜ್ಯದಲ್ಲಿ ಮೈಗೆ ಪೆಟ್ಟಾದ ದಾವೆಗಳಿಗೆ ಯಾವ ಅವಧಿ ಇದೆಯೋ ಅದನ್ನೇ ಹಿಡಿಯಬೇಕೆಂದು ಸುಪ್ರೀಂ ಕೋರ್ಟು 1985ರ ವಿಲ್ಸನ್ ವಿರುದ್ಧ ಗಾರ್ಸಿಯಾ ಪ್ರಕರಣದಲ್ಲಿ ಹೇಳಿತು. ಟೆನೆಸಿ, ಕೆಂಟಕಿಗಳಲ್ಲಿ ಒಂದೇ ವರ್ಷ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿ, ಇಲಿನಾಯ್‌ಗಳಲ್ಲಿ ಎರಡು. ನ್ಯೂಯಾರ್ಕ್, ವಾಷಿಂಗ್ಟನ್, ಮ್ಯಾಸಚೂಸೆಟ್ಸ್‌ಗಳಲ್ಲಿ ಮೂರು. ಮೇನ್‌ನಲ್ಲಿ ಆರು. ನ್ಯೂಯಾರ್ಕಿನ ನೆಂಟರು ‘ಮೂರು ವರ್ಷ ಇದೆ, ಯಾಕೆ ಆತುರ’ ಎಂದರೆ ಅದು ಅವರ ರಾಜ್ಯದ ಲೆಕ್ಕ.

ಎಣಿಕೆ ಎಂದಿನಿಂದ ಶುರು ಎನ್ನುವುದನ್ನು ಮಾತ್ರ ಫೆಡರಲ್ ಕಾನೂನೇ ನಿರ್ಧರಿಸುತ್ತದೆ. ನಮ್ಮ ಕಡೆಯ ದಾವಾಪತ್ರದಲ್ಲಿ ‘ದಾವೆಗೆ ಕಾರಣ ಉದ್ಭವಿಸಿದ ದಿನ’ ಎಂದು ಬರೆಯುತ್ತೇವಲ್ಲ, ಅದೇ ಇದು. ಅತಿಯಾದ ಬಲಪ್ರಯೋಗಕ್ಕೆ ಸಾಮಾನ್ಯವಾಗಿ ಪೆಟ್ಟು ಬಿದ್ದ ದಿನವೇ ಆ ದಿನ. ಅಕ್ರಮ ಬಂಧನಕ್ಕೆ, 2007ರ ವಾಲೆಸ್ ವಿರುದ್ಧ ಕೇಟೊ ತೀರ್ಪಿನಂತೆ, ನ್ಯಾಯಾಧೀಶರ ಮುಂದೆ ಹಾಜರುಪಡಿಸಿದಂಥ ಕಾನೂನು ಪ್ರಕ್ರಿಯೆ ಶುರುವಾದ ದಿನ. ಸುಳ್ಳು ಸಾಕ್ಷ್ಯ ಸೃಷ್ಟಿಸಿದ ದೂರಿಗೆ ಮಾತ್ರ ಕ್ರಿಮಿನಲ್ ಕೇಸು ಅವನ ಪರವಾಗಿ ಮುಗಿಯಬೇಕು. ಒಂದೇ ಘಟನೆಗೆ ಇಷ್ಟು ದಿನಾಂಕಗಳಿರುವುದರಿಂದ ಎಲ್ಲಕ್ಕಿಂತ ಮುಂಚಿನದನ್ನು ಹಿಡಿದು ಎಣಿಸುವುದೇ ಕ್ಷೇಮ.

ಈಗ ಆರು ತಿಂಗಳ ವಿಷಯ. ಬಹುತೇಕರು ಎಡವುವುದು ಇಲ್ಲೇ. ಹಲ್ಲೆ, ನಿರ್ಲಕ್ಷ್ಯದಂಥ ರಾಜ್ಯ ಕಾನೂನಿನ ದೂರುಗಳ ಮೇಲೆ ನಗರವನ್ನೋ ಅದರ ಪೊಲೀಸರನ್ನೋ ಕೋರ್ಟಿಗೆ ಎಳೆಯುವ ಮೊದಲು ಆ ನಗರಕ್ಕೇ ಲಿಖಿತ ಕ್ಲೇಮ್, ಅಂದರೆ ಪರಿಹಾರದ ಕೋರಿಕೆ, ಕೊಟ್ಟಿರಬೇಕು. ಅದಕ್ಕೆ ಆರು ತಿಂಗಳು. ಇಲಾಖೆಯ ಆಂತರಿಕ ತನಿಖಾ ವಿಭಾಗಕ್ಕೆ ಕೊಟ್ಟ ದೂರು ಕ್ಲೇಮ್ ಅಲ್ಲ, ಅದು ಯಾವ ಗಡುವನ್ನೂ ನಿಲ್ಲಿಸುವುದಿಲ್ಲ. ಕ್ಲೇಮ್ ಹೋಗಬೇಕಾದದ್ದು ಸಿಟಿ ಕ್ಲರ್ಕ್ ಕಚೇರಿಗೆ. ಶೆರಿಫ್ ಸಿಬ್ಬಂದಿಯಾಗಿದ್ದರೆ ಕೌಂಟಿಗೆ. ಹೈವೇ ಪ್ಯಾಟ್ರೋಲ್ ಆಗಿದ್ದರೆ ರಾಜ್ಯದ ಸರ್ಕಾರಿ ಕ್ಲೇಮ್ ವಿಭಾಗಕ್ಕೆ, 25 ಡಾಲರ್ ಶುಲ್ಕದೊಂದಿಗೆ. ತಪ್ಪು ಕಚೇರಿಗೆ ಕೊಟ್ಟು ದಿನ ಕಳೆದುಕೊಳ್ಳುವವರು ಬಹಳ.

ಫೆಡರಲ್ ದಾವೆಗೆ ಈ ಕ್ಲೇಮ್ ಬೇಕಿಲ್ಲ. 1988ರ ಫೆಲ್ಡರ್ ವಿರುದ್ಧ ಕೇಸಿ ತೀರ್ಪು ಅದನ್ನು ಸ್ಪಷ್ಟಪಡಿಸಿದೆ. ಹಾಗಾದರೆ ಈ ತಾಪತ್ರಯ ಯಾಕೆ? ಸೆಕ್ಷನ್ 1983ರಲ್ಲಿ ಪೊಲೀಸನಿಗೆ ‘ಕ್ವಾಲಿಫೈಡ್ ಇಮ್ಯುನಿಟಿ’ ಎಂಬ ಗುರಾಣಿ ಇದೆ: ಅವನು ಮುರಿದ ಹಕ್ಕು ಆಗಲೇ ಸ್ಪಷ್ಟವಾಗಿ ಸ್ಥಾಪಿತವಾಗಿರದಿದ್ದರೆ ಪರಿಹಾರದ ಹೊಣೆಯಿಂದ ಪಾರಾಗುತ್ತಾನೆ. ಜೊತೆಗೆ ನೌಕರನ ತಪ್ಪಿಗೆ ನಗರ ತಾನಾಗಿಯೇ ಹೊಣೆಯಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಹಲ್ಲೆ ದೂರಿನಲ್ಲಿ ಆ ಗುರಾಣಿ ಇಲ್ಲ, ನಗರವೂ ಹೊಣೆ. ಫೆಡರಲ್ ದಾವೆ ಬಿದ್ದುಹೋದರೂ ಇದು ನಿಲ್ಲಬಹುದು. ಅಷ್ಟು ಬೆಲೆಯ ದಾರಿಯನ್ನು ಸುಮ್ಮನೆ ಬಿಡಬಾರದು.

ನೀವು ಈ ವಾರವೇ ಮಾಡಬೇಕಾದದ್ದು: ‘ತಡವಾಗಿ ಕ್ಲೇಮ್ ಸಲ್ಲಿಸಲು ಅನುಮತಿ’ ಕೋರುವ ಅರ್ಜಿ, ಕ್ಯಾಲಿಫೋರ್ನಿಯಾ ಸರ್ಕಾರಿ ಸಂಹಿತೆಯ (ಗವರ್ನಮೆಂಟ್ ಕೋಡ್) 911.4ನೇ ಸೆಕ್ಷನ್ ಅಡಿ. ಅದರ ಜೊತೆ ಕ್ಲೇಮನ್ನೂ ಲಗತ್ತಿಸಬೇಕು: ಹೆಸರು, ವಿಳಾಸ, ದಿನಾಂಕ, ಸ್ಥಳ, ನಡೆದದ್ದು, ಆದ ಪೆಟ್ಟು, ಗೊತ್ತಿದ್ದರೆ ಪೊಲೀಸರ ಹೆಸರು. ಪರಿಹಾರ 10,000 ಡಾಲರ್ ಮೀರುವುದಾದರೆ ಮೊತ್ತ ಬರೆಯಬಾರದು. ಒಂದು ವರ್ಷ ಎನ್ನುವುದು ಹೊರಮಿತಿ. ಕಾನೂನು ಕೇಳುವುದು ‘ಸಮಂಜಸ ಸಮಯ’ವನ್ನು. ತಡವಾದದ್ದಕ್ಕೆ ಕಾರಣ ಬೇಕು. ಶಸ್ತ್ರಚಿಕಿತ್ಸೆಯಾಗಿತ್ತು, ಏನೂ ಮಾಡಲಾಗದ ಸ್ಥಿತಿಯಿತ್ತು ಎಂಬುದಕ್ಕೆ ಆಸ್ಪತ್ರೆಯ ಕಾಗದವಿದ್ದರೆ ತೂಕ ಹೆಚ್ಚು. ‘ಕಾನೂನು ಗೊತ್ತಿರಲಿಲ್ಲ’ ಎಂಬುದೊಂದೇ ಸಾಮಾನ್ಯವಾಗಿ ಸಾಲದು. 45 ದಿನದಲ್ಲಿ ಉತ್ತರ ಬಾರದಿದ್ದರೆ ತಿರಸ್ಕಾರವಾಯಿತೆಂದೇ ಅರ್ಥ. ಅಲ್ಲಿಂದ ಆರು ತಿಂಗಳೊಳಗೆ ಸುಪೀರಿಯರ್ ಕೋರ್ಟಿಗೆ (ರಾಜ್ಯದ ವಿಚಾರಣಾ ನ್ಯಾಯಾಲಯ) ಹೋಗಬೇಕು.

ಸಕಾಲದಲ್ಲಿ ಕೊಟ್ಟ ಕ್ಲೇಮಿಗೂ ಒಂದು ಗುಂಡಿ ಇದೆ. ತಿರಸ್ಕಾರದ ಪತ್ರ ಬಂದರೆ ದಾವೆಗೆ ಆರೇ ತಿಂಗಳು, ಅದೂ ಪತ್ರ ನಿಮ್ಮ ಕೈಸೇರಿದ ದಿನದಿಂದಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ. ಮನೆ ಬದಲಾಯಿಸಿದರೆ ಹೊಸ ವಿಳಾಸ ತಿಳಿಸಿ. ಲಕೋಟೆಯನ್ನು ಎಸೆಯಬೇಡಿ.

ಕ್ರಿಮಿನಲ್ ಕೇಸಿನ ಬಗ್ಗೆ. ಸುಪೀರಿಯರ್ ಕೋರ್ಟಿನಲ್ಲಿ ಆರೋಪ ಬಾಕಿ ಇರುವಷ್ಟು ಕಾಲ ದಾವೆಯ ಅವಧಿ ಓಡುವುದಿಲ್ಲ ಎಂದು ಅದೇ ಸಂಹಿತೆಯ 945.3ನೇ ಸೆಕ್ಷನ್ ಹೇಳುತ್ತದೆ. ಆದರೆ ಆರು ತಿಂಗಳ ಕ್ಲೇಮಿಗೆ ಈ ವಿನಾಯಿತಿ ಇಲ್ಲವೆಂದೂ ಅದೇ ಸೆಕ್ಷನ್ ಹೇಳುತ್ತದೆ. ಬಂಧನವಾದ ದಿನದಿಂದ ಆರೋಪ ಸಲ್ಲಿಕೆಯಾಗುವವರೆಗಿನ ದಿನಗಳೂ ಎಣಿಕೆಗೆ ಸೇರುತ್ತವೆ. ಇದನ್ನು ಆಪತ್ಕಾಲದ ಗಂಟು ಎಂದುಕೊಳ್ಳಿ, ಅದನ್ನು ನಂಬಿ ಯೋಜನೆ ಹಾಕಬೇಡಿ. ಬೇರೆ ರಾಜ್ಯಗಳಲ್ಲಿ ಇಂಥ ವಿನಾಯಿತಿ ಸಿಗುತ್ತದೆಂದು ನಂಬುವಂತೆಯೂ ಇಲ್ಲ.

ಇದಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಪ್ಲೀ, ಅಂದರೆ ಕೋರ್ಟಿನಲ್ಲಿ ಮಾಡುವ ತಪ್ಪೊಪ್ಪಿಗೆಯ ಬಗ್ಗೆ. ‘ಅಡ್ಡಿಪಡಿಸಿದ್ದು ಒಪ್ಪಿಕೊಂಡುಬಿಡಿ, ಸಣ್ಣ ದಂಡದಲ್ಲಿ ಮುಗಿಯುತ್ತದೆ’ ಎಂಬ ಸಲಹೆ ಬರುವುದು ಸಹಜ. 1994ರ ಹೆಕ್ ವಿರುದ್ಧ ಹಂಫ್ರಿ ತೀರ್ಪಿನ ಪ್ರಕಾರ, ಆ ಶಿಕ್ಷೆ ತಪ್ಪೆಂದು ಸಾರುವಂಥ ದಾವೆಯನ್ನು ಶಿಕ್ಷೆ ರದ್ದಾಗುವವರೆಗೆ ಹೂಡುವಂತಿಲ್ಲ. ಯಾವ ಸಂಗತಿಯನ್ನು ಒಪ್ಪಿಕೊಂಡ ಎನ್ನುವುದರ ಮೇಲೆ ಬಲಪ್ರಯೋಗದ ದಾವೆಯೇ ಕುಸಿಯಬಹುದು. ವೀಸಾದ ಮೇಲಿನ ಪರಿಣಾಮ ಬೇರೆ. ಸಹಿ ಹಾಕುವ ಮೊದಲು ಕ್ರಿಮಿನಲ್ ವಕೀಲರೂ ನಾಗರಿಕ ಹಕ್ಕಿನ ವಕೀಲರೂ ಪರಸ್ಪರ ಮಾತಾಡಲೇಬೇಕು.

ಪೊಲೀಸರ ಹೆಸರು ಗೊತ್ತಿಲ್ಲದಿದ್ದರೆ ‘ಜಾನ್ ಡೋ’ ಎಂದು ಹಾಕಿ ದಾವೆ ಹೂಡಬಹುದು, ಆದರೆ ಗಡುವು ದಾಟಿದ ಮೇಲೆ ನಿಜ ಹೆಸರು ಸೇರಿಸಲು ಹೋದರೆ ಹಲವು ಫೆಡರಲ್ ಮೇಲ್ಮನವಿ ಕೋರ್ಟುಗಳು ಒಪ್ಪುವುದಿಲ್ಲ. ಗಡುವಿನ ನಂತರ ಹೆಸರು ಬದಲಿಸಲು ಯಾರೆಂಬುದರಲ್ಲಿ ‘ತಪ್ಪು ಗ್ರಹಿಕೆ’ ಆಗಿರಬೇಕು, ಹೆಸರು ತಿಳಿಯದಿರುವುದು ಅಂಥದ್ದಲ್ಲ ಎಂಬುದು ಅವುಗಳ ವಾದ. ಕ್ಯಾಲಿಫೋರ್ನಿಯಾದ ನಿಯಮ ಸ್ವಲ್ಪ ಉದಾರ, ಆದರೂ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಈಗಲೇ ವರದಿ ಕೇಳಿ. ಬಾಡಿ ಕ್ಯಾಮೆರಾ ವಿಡಿಯೋ, 911 ತುರ್ತು ಕರೆಯ ಧ್ವನಿಮುದ್ರಣ ಅಳಿಸಬಾರದೆಂದು ನಗರಕ್ಕೆ ಲಿಖಿತ ಸೂಚನೆಯನ್ನೂ ಇಂದೇ ಕಳಿಸಿ. ರಾಜ್ಯದ ಕಾನೂನು ಸೂಚಿಸುವ ಕನಿಷ್ಠ ಅವಧಿ ಬಲಪ್ರಯೋಗ ಅಥವಾ ಬಂಧನದ ವಿಡಿಯೋಗೆ ಎರಡು ವರ್ಷ, ಸಾಮಾನ್ಯ ವಿಡಿಯೋಗೆ 60 ದಿನ. ಯಾರೋ ತಪ್ಪು ವರ್ಗಕ್ಕೆ ಸೇರಿಸಿದ್ದರೆ ಅದು ಬೇಗ ಅಳಿದುಹೋಗುವ ಅಪಾಯವಿದೆ.

ಬೇರೆ ರಾಜ್ಯದಲ್ಲಿರುವ ಓದುಗರಿಗೆ: ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯಲ್ಲಿ ರಾಜ್ಯ ಕಾನೂನಿನ ದೂರಿಗೆ ನೋಟಿಸ್ ಕೊಡಲು 90 ದಿನ. ಇಮಿಗ್ರೇಶನ್ ಅಧಿಕಾರಿಗಳು, ಎಫ್‌ಬಿಐಯಂಥ ಕೇಂದ್ರ (ಫೆಡರಲ್) ಸರ್ಕಾರದವರಾದರೆ ಸೆಕ್ಷನ್ 1983 ಅನ್ವಯಿಸುವುದೇ ಇಲ್ಲ. ಎರಡು ವರ್ಷದೊಳಗೆ ಆ ಇಲಾಖೆಗೇ ಎಸ್‌ಎಫ್-95 ಎಂಬ ಕ್ಲೇಮ್ ನಮೂನೆ ಕೊಡಬೇಕು, ಅದರಲ್ಲಿ ಇಂತಿಷ್ಟೇ ಡಾಲರ್ ಎಂದು ಮೊತ್ತ ಬರೆಯಲೇಬೇಕು. ತಿರಸ್ಕಾರದ ಪತ್ರ ಅಂಚೆಗೆ ಬಿದ್ದ ದಿನದಿಂದ ಕೋರ್ಟಿಗೆ ಆರು ತಿಂಗಳು.

ವೀಸಾದವನು ದಾವೆ ಹೂಡಬಹುದೇ ಎಂಬ ಅಳುಕು ಬೇಡ. ಕಾನೂನಿನ ಮಾತುಗಳಲ್ಲಿ ಪ್ರಜೆಗಳ ಜೊತೆಗೆ ‘ಇತರ ವ್ಯಕ್ತಿ’ಯೂ ಸ್ಪಷ್ಟವಾಗಿ ಇದ್ದಾನೆ. 2015ರ ಫೆಬ್ರವರಿಯಲ್ಲಿ ಅಲಬಾಮದ ಮ್ಯಾಡಿಸನ್‌ನಲ್ಲಿ, ಮಗನ ಮನೆಗೆ ಭಾರತದಿಂದ ಬಂದಿದ್ದ ಹಿರಿಯರೊಬ್ಬರನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿ, ಅವರ ಕತ್ತಿನ ಮೂಳೆಗೆ ಪೆಟ್ಟಾಗಿ ದೇಹ ಭಾಗಶಃ ಸ್ವಾಧೀನ ತಪ್ಪಿತು. ಆ ಪೊಲೀಸನ ಮೇಲಿನ ಕ್ರಿಮಿನಲ್ ವಿಚಾರಣೆಗೆ ಕಾಯದೆ ಅದೇ ತಿಂಗಳು ಫೆಡರಲ್ ದಾವೆ ಹೂಡಿದರು. ಕ್ರಿಮಿನಲ್ ಕೇಸಿನಲ್ಲಿ ಆತ ಖುಲಾಸೆಯಾದ. ಸಿವಿಲ್ ದಾವೆ 2021ರಲ್ಲಿ 17.5 ಲಕ್ಷ ಡಾಲರ್‌ಗೆ ರಾಜಿಯಾಯಿತು.

ತಮ್ಮ ಭಾರತಕ್ಕೆ ಮರಳಿದರೂ ಗಡುವು ನಿಲ್ಲುವುದಿಲ್ಲ. ಅವನ ಪರವಾಗಿ ಜಿಪಿಎ ಹಿಡಿದು ನೀವು ಕೋರ್ಟಿನಲ್ಲಿ ವಾದಿಸುವಂತಿಲ್ಲ. ವಕೀಲರು ಬೇಕು, ಇಲ್ಲವೇ ಅವನೇ ಬೇಕು. ಇನ್ನೊಂದು, ನಮ್ಮವರ ಕೈಯಲ್ಲಿ ಆಗುವ ತಪ್ಪು: ಊರಿನ ರೂಢಿಯಲ್ಲಿ 5/9 ಎಂದು ಬರೆದರೆ ಅಲ್ಲಿಯ ಗುಮಾಸ್ತ ಅದನ್ನು ಮೇ 9 ಎಂದು ಓದುತ್ತಾನೆ, ಸೆಪ್ಟೆಂಬರ್ 5 ಎಂದಲ್ಲ. ನಾಲ್ಕು ತಿಂಗಳು ಅಲ್ಲೇ ಹೋಯಿತು. ಕ್ಲೇಮಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ನಿಮ್ಮ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಮುದ್ರೆ ಬೀಳುವವರೆಗೆ ಕೌಂಟರ್ ಬಿಟ್ಟು ಬರಬೇಡಿ.