ನಾನೇ ಕೆಲಸ ಕಲಿಸಿದವನಿಗೆ ನನಗಿಂತ ಜಾಸ್ತಿ ಸಂಬಳ

ಗುರುತು ಸಿಗದ ಹಾಗೆ ಹುದ್ದೆ, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ.

ನಿದ್ದೆ ಬರುತ್ತಿಲ್ಲ ಎಂದು ಬಂದವರು ಅವರು. ನಲವತ್ತರ ಆಸುಪಾಸಿನ ಮಹಿಳೆ. ಒಂದು ಖಾಸಗಿ ಸಂಸ್ಥೆಯ ಬಿಲ್ಲಿಂಗ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೆಲಸ. ವೈದ್ಯರು ಪರೀಕ್ಷೆ ಮಾಡಿಸಿ, ದೇಹಕ್ಕೆ ಏನೂ ಆಗಿಲ್ಲ, ಆಪ್ತಸಲಹೆಗೆ ಹೋಗಿ ಅಂದಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರ. ಆಮೇಲೆ ಬೆಳಗಾಗುವವರೆಗೂ ಲೆಕ್ಕ. ಯಾವ ಲೆಕ್ಕ ಅಂತ ಕೇಳಿದೆ.

"ಅವನಿಗೆ ತಿಂಗಳಿಗೆ ಎಷ್ಟು, ನನಗೆ ಎಷ್ಟು, ವರ್ಷಕ್ಕೆ ಎಷ್ಟು ವ್ಯತ್ಯಾಸ. ಅದೇ ಲೆಕ್ಕ ಮೇಡಂ. ಎಷ್ಟು ಸಲ ಮಾಡಿದ್ರೂ ಉತ್ತರ ಅದೇ ಬರುತ್ತೆ. ಆದ್ರೂ ಮಾಡ್ತೀನಿ."

'ಅವನು' ಒಂದೂವರೆ ವರ್ಷದ ಹಿಂದೆ ಸೇರಿದ ಹುಡುಗ. ಇಬ್ಬರದೂ ಒಂದೇ ಹುದ್ದೆ. ಸಂಸ್ಥೆಯ ಬಿಲ್ಲಿಂಗ್ ವ್ಯವಸ್ಥೆಯನ್ನು ಅವನಿಗೆ ಕಲಿಸಿದ್ದೇ ಇವರು. ಒಂದು ದಿನ ಪ್ರಿಂಟರ್ ಟ್ರೇಯಲ್ಲಿ ಯಾರೋ ಮರೆತುಹೋದ ಕಾಗದ ಕಣ್ಣಿಗೆ ಬಿತ್ತು. ಅದರಲ್ಲಿ ಅವನ ಸಂಬಳ ಇತ್ತು. ಇವರದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು.

ಎರಡು ವಾರ ಯಾರಿಗೂ ಹೇಳಲಿಲ್ಲ. ಆಮೇಲೆ ಮ್ಯಾನೇಜರ್ ಹತ್ತಿರ ಮಾತು ಎತ್ತಿದರು. ಮ್ಯಾನೇಜರ್ ಹೇಳಿದ್ದು ಎರಡೇ ಮಾತು: "ಬೇರೆಯವರ ಸಂಬಳ ನಿಮಗ್ಯಾಕೆ? ಇದನ್ನೆಲ್ಲ ಹೊರಗೆ ಮಾತಾಡೋ ಹಾಗಿಲ್ಲ." ಮನೆಯಲ್ಲಿ ಗಂಡ, "ಸುಮ್ನೆ ಬಿಟ್ಟುಬಿಡು, ನಿನ್ನ ಸಂಬಳ ಏನೂ ಕಮ್ಮಿ ಆಗಿಲ್ವಲ್ಲ" ಅಂದರು. ಅದೂ ನಿಜವೇ. ಕಾಗದ ನೋಡುವ ಮೊದಲು ಎಷ್ಟು ಬರುತ್ತಿತ್ತೋ ನೋಡಿದ ಮೇಲೂ ಅಷ್ಟೇ ಬರುತ್ತಿತ್ತು. ಹಾಗಿದ್ದ ಮೇಲೆ ಕಳೆದುಕೊಂಡಿದ್ದಾದರೂ ಏನು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ.

"ನಂಗೆ ಹೊಟ್ಟೆಕಿಚ್ಚು ಅಂತ ಅನ್ನಿಸ್ತಿದೆ. ನಾನು ಇಂಥವಳಲ್ಲ ಮೇಡಂ." ಹೀಗೆಂದು ಅತ್ತರು. ಸಂಬಳದ ವಿಷಯಕ್ಕೆ ಬರುವ ಬಹಳ ಮಂದಿ ಮೊದಲು ಅಳುವುದು ಹಣಕ್ಕಲ್ಲ, ಈ ನಾಚಿಕೆಗೆ. ಹಣದ ಬಗ್ಗೆ ಸಿಟ್ಟು ಬರುವುದೇ ಸಣ್ಣತನ ಅಂತ ನಮ್ಮಲ್ಲಿ ಅನೇಕರು ನಂಬಿಕೊಂಡಿದ್ದೇವೆ.

ನಾನು ಕೇಳಿದ ಮೊದಲ ಪ್ರಶ್ನೆ ಇದು: "ಅವನ ಸಂಬಳವನ್ನು ನಿಮ್ಮ ಸಂಬಳದ ಮಟ್ಟಕ್ಕೆ ಇಳಿಸಿದರೆ ನಿಮಗೆ ನಿದ್ದೆ ಬರುತ್ತಾ?" ಸ್ವಲ್ಪ ಹೊತ್ತು ಯೋಚಿಸಿ, "ಛೆ, ಇಲ್ಲ. ಅವನದೇನು ತಪ್ಪು" ಅಂದರು. ಬರೀ ಹೊಟ್ಟೆಕಿಚ್ಚಾಗಿದ್ದರೆ ಆ ಉತ್ತರ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಎರಡನೇ ಭೇಟಿಯಲ್ಲಿ, ಆ ಕಾಗದ ನೋಡಿದ ಮೇಲೆ ನೀವು ಏನೇನು ಮಾಡಿದ್ದೀರಿ ಅಂತ ಕೇಳಿದೆ. ಅನ್ನಿಸಿದ್ದು ಬೇಡ, ಮಾಡಿದ್ದು ಹೇಳಿ ಅಂದೆ. ಒಂದೊಂದಾಗಿ ಬಂತು. ಮೊದಲೆಲ್ಲ ತಿಂಗಳ ಕೊನೆಯಲ್ಲಿ ತಡವಾಗಿ ಹೊರಡುತ್ತಿದ್ದವರು ಈಗ ಐದೂವರೆಗೆ ಎದ್ದುಬಿಡುತ್ತಾರೆ. ಬೇರೆಯವರ ಬಿಲ್‌ನಲ್ಲಿ ತಪ್ಪು ಕಂಡರೆ ತಿದ್ದುತ್ತಿದ್ದವರು ಈಗ ನೋಡಿಯೂ ನೋಡದ ಹಾಗೆ ಇರುತ್ತಾರೆ. ಆ ಹುಡುಗ ಏನಾದರೂ ಕೇಳಿದರೆ, "ನನಗೆ ಗೊತ್ತಿಲ್ಲ" ಅನ್ನುತ್ತಾರೆ. ಅವನು ಎಷ್ಟು ಸಲ ಚಹಾಕ್ಕೆ ಎದ್ದು ಹೋಗುತ್ತಾನೆ ಅಂತ ಎಣಿಸುತ್ತಾರೆ. ಕೆಲಸ ಹುಡುಕುವ ಜಾಲತಾಣದಲ್ಲಿ ಹೆಸರು ನೋಂದಾಯಿಸಿದ್ದಾರೆ, ಆದರೆ ಒಂದಕ್ಕೂ ಅರ್ಜಿ ಹಾಕಿಲ್ಲ.

1963ರಲ್ಲಿ ಜೆ. ಸ್ಟೇಸಿ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಬರೆದ ಲೇಖನವೊಂದಿದೆ. ಅವರು ಹೇಳಿದ್ದು ಸರಳ. ಕೆಲಸಗಾರ ತನ್ನ ಸಂಬಳವನ್ನಷ್ಟೇ ನೋಡುವುದಿಲ್ಲ. ತಾನು ಹಾಕಿದ ದುಡಿಮೆಗೆ ಎಷ್ಟು ಸಿಕ್ಕಿತು, ಪಕ್ಕದವರು ಹಾಕಿದ ದುಡಿಮೆಗೆ ಎಷ್ಟು ಸಿಕ್ಕಿತು, ಎರಡನ್ನೂ ತಕ್ಕಡಿಗೆ ಹಾಕಿ ನೋಡುತ್ತಾನೆ. ಒಂದು ಕಡೆ ವಾಲಿದರೆ ಸುಮ್ಮನಿರಲಾರ. ದುಡಿಮೆ ಕಡಿಮೆ ಮಾಡುತ್ತಾನೆ. ಇಲ್ಲವೇ ಹೆಚ್ಚು ಕೇಳುತ್ತಾನೆ. ಇಲ್ಲವೇ ತನ್ನ ಕೆಲಸ ದೊಡ್ಡದು, ಅವನದು ಚಿಕ್ಕದು ಅಂತ ಮನಸ್ಸಿನಲ್ಲೇ ಲೆಕ್ಕ ತಿದ್ದಿಕೊಳ್ಳುತ್ತಾನೆ. ಹೋಲಿಸಿಕೊಳ್ಳಲು ಬೇರೊಬ್ಬರನ್ನು ಹುಡುಕಬಹುದು, ಕೆಲಸವನ್ನೇ ಬಿಡಬಹುದು.

ಈ ದಾರಿಗಳನ್ನು ಅವರ ಮುಂದೆ ಇಟ್ಟೆ. ಅವರು ಹೆಚ್ಚುಕಮ್ಮಿ ಎಲ್ಲವನ್ನೂ ಹಿಡಿದಿದ್ದರು, ಬಾಯಿಬಿಟ್ಟು ಸರಿಯಾಗಿ ಕೇಳುವುದೊಂದನ್ನು ಬಿಟ್ಟು. ಮ್ಯಾನೇಜರ್ ಹತ್ತಿರ ಆಡಿದ ಮಾತು ದೂರಾಗಿತ್ತು, ಅದರಲ್ಲಿ ಬೇಡಿಕೆ ಇರಲಿಲ್ಲ. ಉಳಿದ ದಾರಿಗಳ ಸಮಸ್ಯೆ ಏನೆಂದರೆ, ಅವುಗಳ ಬೆಲೆಯನ್ನು ಅವರೇ ತೆರುತ್ತಿದ್ದರು. ತಪ್ಪು ಕಂಡರೂ ತಿದ್ದದೆ ಕೂತಾಗ ಸಂಸ್ಥೆಗೆ ಆದ ನಷ್ಟ ಯಾರಿಗೂ ಗೊತ್ತಾಗಲಿಲ್ಲ. ಆದರೆ 'ನಾನು ಕೆಲಸದಲ್ಲಿ ಗಟ್ಟಿ' ಅನ್ನುವ ಅವರ ಹೆಮ್ಮೆ ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತಿತ್ತು. ನಿದ್ದೆ ಕೆಟ್ಟಿದ್ದಕ್ಕೆ ಆ ಕಾಗದ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ ಅಂತ ನನ್ನ ಅಂದಾಜು.

ಅವರ ಅನುಭವ ಅಪರೂಪದ್ದೇನಲ್ಲ ಅಂತಲೂ ಹೇಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎಲ್ಲರ ಸಂಬಳ ನೋಡಬಹುದಾದ ಜಾಲತಾಣವೊಂದಿದೆ ಎಂದು ಸಂಶೋಧಕರು ಕೆಲವರಿಗೆ ತಿಳಿಸಿದರು. ನೋಡಿದವರಲ್ಲಿ, ತಮ್ಮ ವಿಭಾಗದ ನಡುಮಟ್ಟಕ್ಕಿಂತ ಕಡಿಮೆ ಪಡೆಯುತ್ತಿದ್ದವರಿಗೆ ಬೇಸರ ಹೆಚ್ಚಾಯಿತು, ಬೇರೆ ಕೆಲಸ ಹುಡುಕುವ ಮನಸ್ಸೂ ಬಂತು. ಜಾಸ್ತಿ ಪಡೆಯುತ್ತಿದ್ದವರಿಗೆ? ಖುಷಿಯೇನೂ ಹೆಚ್ಚಲಿಲ್ಲ. ಜಾಸ್ತಿ ಬಂದರೆ ಅದು ನಮಗೆ ಸಲ್ಲಬೇಕಾದ್ದೇ ಅಂದುಕೊಳ್ಳುತ್ತೇವೆ, ಅಲ್ವಾ?

ಸಂಬಳದ ಸಿಟ್ಟಿನಲ್ಲಿ ಮೂರು ಪ್ರಶ್ನೆಗಳು ಗಂಟು ಬಿದ್ದಿರುತ್ತವೆ. ಎಷ್ಟು ಕೊಟ್ಟರು? ಹೇಗೆ ತೀರ್ಮಾನಿಸಿದರು? ಕೇಳಿದಾಗ ನನ್ನನ್ನು ಹೇಗೆ ನಡೆಸಿಕೊಂಡರು? ಇವುಗಳನ್ನು ಬಿಡಿಸಿಕೊಳ್ಳದೆ ಮಾತಾಡಲು ಹೋದರೆ ಬರೀ ಜಗಳ ಆಗುತ್ತದೆ. ಈ ಮೂರರಲ್ಲಿ ಯಾವುದು ಹೆಚ್ಚು ನೋಯುತ್ತಿದೆ ಅಂತ ಕೇಳಿದಾಗ ಅವರು ತಡಮಾಡಲಿಲ್ಲ. "ಬೇರೆಯವರ ಸಂಬಳ ನಿಮಗ್ಯಾಕೆ ಅಂದ್ರಲ್ಲ, ಅದು."

ಇದಕ್ಕೆ ಆಧಾರವೂ ಇದೆ. ಜೆರಾಲ್ಡ್ ಗ್ರೀನ್‌ಬರ್ಗ್ ಎಂಬುವವರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಕಂಪನಿಯ ಕಾರ್ಖಾನೆಗಳು. ಎರಡರಲ್ಲಿ ಹತ್ತು ವಾರಗಳ ಮಟ್ಟಿಗೆ ಸಂಬಳ ಶೇ. 15ರಷ್ಟು ಕಡಿತವಾಯಿತು. ಒಂದು ಕಡೆ ಕಾರಣವನ್ನು ವಿವರವಾಗಿ, ಮರ್ಯಾದೆಯಿಂದ, ವಿಷಾದದಿಂದ ತಿಳಿಸಿದರು. ಇನ್ನೊಂದು ಕಡೆ ಚುಟುಕಾಗಿ ಹೇಳಿ ಮುಗಿಸಿದರು. ಚುಟುಕಾಗಿ ಹೇಳಿದ ಕಡೆ ಕಳ್ಳತನ ಬಹಳ ಹೆಚ್ಚಿತು, ಕೆಲಸ ಬಿಟ್ಟವರೂ ಹೆಚ್ಚು. ಎರಡೂ ಕಡೆ ಕಡಿತ ಅಷ್ಟೇ ಇತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಅಧ್ಯಯನಗಳನ್ನು ಓದಿ ಕೆಲವು ಸಂಸ್ಥೆಗಳು, ಚೆಂದವಾಗಿ ವಿವರಿಸಿದರೆ ಸಾಕು, ಕೊಡಬೇಕಾಗಿಲ್ಲ ಅಂತ ತಿಳಿಯುತ್ತವೆ. ನೌಕರರನ್ನು ನನ್ನಂಥವರ ಹತ್ತಿರ 'ಸಮಾಧಾನ ಮಾಡಿ ಕಳಿಸಿ' ಅನ್ನುವ ಧಾಟಿಯಲ್ಲಿ ಕಳಿಸುವುದೂ ಉಂಟು. ಅನ್ಯಾಯಕ್ಕೆ ಹೊಂದಿಕೊಳ್ಳುವುದನ್ನು ಕಲಿಸುವುದು ಆಪ್ತಸಲಹೆಗಾರರ ಕೆಲಸ ಅಂತ ನಾನು ಒಪ್ಪುವುದಿಲ್ಲ. ಹಾಗೆಯೇ, ಬಂದವರು ಹೇಳಿದ್ದೆಲ್ಲ ಅನ್ಯಾಯವೇ ಅಂತ ಮೊದಲೇ ತೀರ್ಪು ಕೊಡುವುದೂ ನನ್ನ ಕೆಲಸವಲ್ಲ.

ಹಾಗಾಗಿ ಮುಂದಿನ ಭೇಟಿಗೆ ಒಂದು ಮನೆಗೆಲಸ ಕೊಟ್ಟೆ. ಕಾಗದದಲ್ಲಿ ಎರಡು ಪಟ್ಟಿ. ಒಂದರಲ್ಲಿ ತಮ್ಮ ಕೆಲಸ, ಇನ್ನೊಂದರಲ್ಲಿ ಅವನ ಕೆಲಸ. ಅವರ ಪಟ್ಟಿ ಪುಟ ತುಂಬಿತ್ತು. ಅವನದರಲ್ಲಿ ನಾಲ್ಕು ಸಾಲು. ಅವನು ಇಲ್ಲಿಗೆ ಬರುವ ಮೊದಲು ಎಲ್ಲಿದ್ದ, ಅಲ್ಲಿ ಎಷ್ಟು ಬರುತ್ತಿತ್ತು, ಏನೇನು ಗೊತ್ತು ಅಂತ ಕೇಳಿದೆ. ಗೊತ್ತಿರಲಿಲ್ಲ. ನಮ್ಮ ಬೆವರು ನಮಗೆ ಪೂರ್ತಿ ಕಾಣುತ್ತದೆ, ಪಕ್ಕದವರದು ಕಾಣುವುದು ಅರ್ಧ. ಈ ಮಾತು ಅವರಿಗೆ ಸ್ವಲ್ಪ ಚುಚ್ಚಿತು. ಆದರೂ ಹೇಳಲೇಬೇಕಿತ್ತು.

ಭಾರತದಲ್ಲೇ, ಒಡಿಶಾದಲ್ಲಿ, ಎಮಿಲಿ ಬ್ರೆಝಾ, ಸುಪ್ರೀತ್ ಕೌರ್, ಯೋಗಿತಾ ಶಾಮದಸಾನಿ ನಡೆಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಗಿದೆ. ಕಾರ್ಮಿಕರ ಸಣ್ಣ ಗುಂಪುಗಳಲ್ಲಿ ಕೆಲವರಿಗೆ ಬೇರೆ ಬೇರೆ ಕೂಲಿ ಕೊಟ್ಟರು. ಯಾರು ಎಷ್ಟು ಮಾಡುತ್ತಾರೆ ಅಂತ ಕಣ್ಣಿಗೆ ಕಾಣದ ಕೆಲಸಗಳಲ್ಲಿ, ಕಡಿಮೆ ಕೂಲಿಯವರ ಕೆಲಸವೂ ಕುಸಿಯಿತು, ಹಾಜರಿಯೂ ಕುಸಿಯಿತು. ಹೆಚ್ಚು ಪಡೆಯುವವನು ಹೆಚ್ಚು ಮಾಡುತ್ತಾನೆ ಅಂತ ಎದುರಿಗೇ ಕಾಣುವ ಕಡೆ ಆ ಕುಸಿತ ಕಾಣಲಿಲ್ಲ. ಅಂದರೆ ಸಂಬಳದ ವ್ಯತ್ಯಾಸವನ್ನು ಜನ ಸಹಿಸಿಕೊಳ್ಳುತ್ತಾರೆ, ಅದಕ್ಕೊಂದು ಕಾರಣ ಕಾಣುತ್ತಿದ್ದರೆ. ಇವರ ವಿಷಯದಲ್ಲಿ ಕಾರಣ ಕಾಣಿಸುತ್ತಲೇ ಇರಲಿಲ್ಲ.

ಇನ್ನೊಂದನ್ನೂ ವಿಚಾರಿಸಿದೆ. ಅವನು ಗಂಡಸು ಅನ್ನುವುದಕ್ಕೆ ಹೀಗಾಗಿದೆಯಾ? ಹಾಗಿದ್ದರೆ ದಾರಿಯೇ ಬೇರೆ. ಸಮಾನ ಮೌಲ್ಯದ ಕೆಲಸಕ್ಕೆ ಹೆಣ್ಣು ಗಂಡಿಗೆ ಸಮಾನ ವೇತನ ಎಂಬ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಡಂಬಡಿಕೆ 1951ರಷ್ಟು ಹಳೆಯದು, ಅನೇಕ ದೇಶಗಳಲ್ಲಿ ಕಾನೂನೂ ಇದೆ. ಆಗ ಆಪ್ತಸಲಹೆಗಾರರಿಗಿಂತ ಮೊದಲು ವಕೀಲರನ್ನು ನೋಡಬೇಕು. ಅವರು ತಮ್ಮ ಜೊತೆಗೇ ಸೇರಿದ್ದ ಇಬ್ಬರು ಗಂಡಸರನ್ನು ವಿಚಾರಿಸಿದರು. ಅವರದೂ ಇವರಷ್ಟೇ, ಒಬ್ಬರದು ಇನ್ನೂ ಸ್ವಲ್ಪ ಕಡಿಮೆ.

ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. ಹಳಬರು, ಹೊಸಬರು ಅನ್ನುವ ಅಂತರ ಇದು. ಹೊಸಬರನ್ನು ಇಂದಿನ ಮಾರುಕಟ್ಟೆ ದರಕ್ಕೆ ತೆಗೆದುಕೊಳ್ಳುತ್ತಾರೆ. ಹಳಬರಿಗೆ ಹಳೆಯ ಸಂಬಳದ ಮೇಲೆ ವರ್ಷಕ್ಕಿಷ್ಟು ಶೇಕಡಾ ಏರಿಸುತ್ತಾರೆ. ಹಳಬರ ಸಂಬಳ 100, ಹೊಸಬರದು 130 ಅಂತಿಟ್ಟುಕೊಳ್ಳಿ. ಇಬ್ಬರಿಗೂ ಶೇ. 8 ಏರಿಸಿದರೆ ಎರಡು ವರ್ಷದಲ್ಲಿ 30 ಇದ್ದ ಅಂತರ 35 ಆಗುತ್ತದೆ. ಎಲ್ಲರಿಗೂ ಒಂದೇ ಶೇಕಡಾ, ನೋಡಲು ನ್ಯಾಯವಾಗಿಯೇ ಇದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಹಾಗಂತ ಸರಿ ಮಾಡಬೇಕಾಗಿಲ್ಲ ಅಂತಲೂ ಅಲ್ಲ.

"ಹಾಗಾದ್ರೆ ನನ್ನನ್ನ ಕೀಳಾಗಿ ಕಂಡು ಹೀಗೆ ಮಾಡಿದ್ದಲ್ಲ" ಅಂದರು. ಆ ರಾತ್ರಿ ಐದು ಗಂಟೆ ನಿದ್ದೆ ಮಾಡಿದರಂತೆ.

ಕೊಟ್ಟ ಸಲಹೆಗಳು ಹೀಗಿದ್ದವು. ಮೊದಲು, ಕಾಗದದಲ್ಲಿ ಕಂಡ ಅಂಕಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಕೈಗೆ ಬರುವ ಸಂಬಳಕ್ಕೂ, ನಿವೃತ್ತಿ ನಿಧಿಗೆ ಸಂಸ್ಥೆ ಹಾಕುವ ಪಾಲು, ಬೋನಸ್ ಎಲ್ಲ ಸೇರಿಸಿದ ಒಟ್ಟು ಮೊತ್ತಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ಅವರು ತಮ್ಮ ಕೈಗೆ ಬರುವುದನ್ನು ಅವನ ಒಟ್ಟು ಮೊತ್ತದ ಜೊತೆ ಹೋಲಿಸಿದ್ದರು. ಸರಿಪಡಿಸಿ ನೋಡಿದಾಗ ಅಂತರ ಮೂರನೇ ಒಂದು ಪಾಲಿನಿಂದ ಐದನೇ ಒಂದು ಪಾಲಿಗೆ ಇಳಿಯಿತು. ಅಂತರ ಇದ್ದೇ ಇತ್ತು, ಆದರೆ ತಪ್ಪು ಅಂಕಿ ಹಿಡಿದುಕೊಂಡು ಮಾತಿಗೆ ಕೂತಿದ್ದರೆ ಮೊದಲ ನಿಮಿಷದಲ್ಲೇ ಸೋಲುತ್ತಿದ್ದರು.

ಎರಡನೆಯದು, ಮಾತಿನಲ್ಲಿ ಅವನ ಹೆಸರು ಬೇಡ. ಹೆಸರು ಬಂದ ಕೂಡಲೇ ಚರ್ಚೆ 'ಆ ಕಾಗದ ನೀವು ಯಾಕೆ ನೋಡಿದಿರಿ' ಎಂಬಲ್ಲಿಗೆ ತಿರುಗುತ್ತದೆ. ಕೇಳಬೇಕಾದ ಪ್ರಶ್ನೆಗಳನ್ನು ಇಬ್ಬರೂ ಕೂತು ಬರೆದೆವು. ನನ್ನ ಹುದ್ದೆಗೆ ಸಂಬಳದ ಕನಿಷ್ಠ, ಗರಿಷ್ಠ ಏನು? ಅದರಲ್ಲಿ ನಾನು ಎಲ್ಲಿದ್ದೇನೆ, ಯಾಕೆ? ಹೊಸಬರಿಗೆ ಕೆಲಸ ಕಲಿಸುವುದು ಯಾವ ಲೆಕ್ಕಕ್ಕೆ ಸೇರುತ್ತದೆ? ತೀರ್ಮಾನ ತಪ್ಪು ಅನ್ನಿಸಿದರೆ ಯಾರ ಹತ್ತಿರ ಹೋಗಬೇಕು? ಕೊನೆಯ ಪ್ರಶ್ನೆಯನ್ನು ಅವರು ಬಿಟ್ಟುಬಿಡುತ್ತೇನೆ ಅಂದರು, ಧಿಮಾಕು ಅನ್ನಿಸುತ್ತೆ ಅಂತ. ಬಿಡಬೇಡಿ ಅಂದೆ. ತಪ್ಪು ತಿದ್ದುವ ದಾರಿಯೇ ಇಲ್ಲದಿದ್ದರೆ, ಉಳಿದ ನಿಯಮ ಎಷ್ಟು ಚೆನ್ನಾಗಿದ್ದರೂ ಜನ ಅದನ್ನು ನ್ಯಾಯ ಅಂತ ನಂಬುವುದಿಲ್ಲ. ಇವನ್ನೆಲ್ಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಸಿದೆ. ನಾನು ಮ್ಯಾನೇಜರ್ ಆಗಿ, "ಬಜೆಟ್ ಇಲ್ಲ" ಅಂದೆ. "ಯಾವ ತಿಂಗಳು ಮತ್ತೆ ನೋಡ್ತೀರಿ ಸರ್?" ಎಂದು ಕೇಳುವುದನ್ನು ಅವರು ಕಲಿತರು.

ಮೂರನೆಯದು ಅವರಿಗೆ ಕಷ್ಟವಾಯಿತು. ಕದ್ದು ಕೆಲಸ ಕಡಿಮೆ ಮಾಡುವುದನ್ನು ನಿಲ್ಲಿಸಿ. ಮಾಡುವುದಿಲ್ಲ ಅಂತಿದ್ದರೆ ಹೇಳಿಯೇ ಬಿಡಿ: ಇದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ, ಬೇಕಾದರೆ ಸೇರಿಸಿ. ಉಳಿದದ್ದನ್ನು ಮೊದಲಿನ ಹಾಗೆ ಮಾಡಿ. "ಅವರಿಗ್ಯಾಕೆ ಮಾಡಬೇಕು?" ಅಂದರು. ಅವರಿಗಲ್ಲ, ನಿಮ್ಮ ಕೈಯ ಅಚ್ಚುಕಟ್ಟು ನಿಮ್ಮದು ಅಂದೆ. ಪೂರ್ತಿ ಒಪ್ಪಲಿಲ್ಲ ಅಂತ ಮುಖ ಹೇಳುತ್ತಿತ್ತು.

ನಾಲ್ಕನೆಯದು, ಒಂದು ಗಡುವು ಇಟ್ಟುಕೊಳ್ಳಿ, ಅಷ್ಟರೊಳಗೆ ಬೇರೆ ಕಡೆ ಎರಡು ಅರ್ಜಿಯನ್ನಾದರೂ ಹಾಕಿ. ಬಿಟ್ಟುಹೋಗಲೇಬೇಕು ಅಂತಲ್ಲ. ಹೊರಗೆ ತಮ್ಮ ಬೆಲೆ ಏನು ಅಂತ ಗೊತ್ತಿಲ್ಲದವರು ಒಳಗೆ ಕೇಳುವಾಗ ದನಿ ತಗ್ಗಿಸುತ್ತಾರೆ.

ಮಾತುಕತೆ ಒಂದೇ ಸಲಕ್ಕೆ ಆಗಲಿಲ್ಲ. ಮ್ಯಾನೇಜರ್ ಎರಡು ಸಲ ಮುಂದೂಡಿದರು. ಇವರು ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಬರೆದು ಮಾನವ ಸಂಪನ್ಮೂಲ ವಿಭಾಗಕ್ಕೂ ಕಳಿಸಿದರು. ಆಗ ಕರೆದು ಕೂರಿಸಿ ಶ್ರೇಣಿ ತೋರಿಸಿದರು. ಇವರ ಸಂಬಳ ಶ್ರೇಣಿಯ ತಳದ ಹತ್ತಿರ ಇತ್ತು. ಹನ್ನೊಂದು ವರ್ಷದ ಅನುಭವಕ್ಕೆ ಅದು ಹೊಂದುವುದಿಲ್ಲ ಅಂತ ಆ ಅಧಿಕಾರಿಯೇ ಒಪ್ಪಿಕೊಂಡರು. ಎರಡು ಹಂತದಲ್ಲಿ ಸರಿಪಡಿಸುವುದಾಗಿ ಬರೆದುಕೊಟ್ಟರು. ಮೊದಲ ಹಂತ ಬಂದಿದೆ. ಆದರೂ ಆ ಹುಡುಗನಷ್ಟು ಆಗಿಲ್ಲ, ಎರಡನೆಯದು ಬಂದರೂ ಆಗುವುದಿಲ್ಲ. ಜೊತೆಗಿದ್ದ ಇಬ್ಬರು ಹಳಬರು ಇನ್ನೂ ಕೇಳಿಲ್ಲ. ಕೇಳಿದವರಿಗೆ ಮಾತ್ರ ಸರಿಯಾಗುವುದು ನ್ಯಾಯವಾ ಅಂತ ಇವರೇ ನನ್ನನ್ನು ಕೇಳಿದರು. ಅಲ್ಲ ಅಂದೆ.

ನಿದ್ದೆ ಈಗ ಹೆಚ್ಚುಕಮ್ಮಿ ಸರಿಯಾಗಿದೆ. ಮ್ಯಾನೇಜರ್ ಮೇಲಿನ ಸಿಟ್ಟು ಹಾಗೇ ಇದೆ, ಅದನ್ನು ಕಳೆದುಕೊಳ್ಳಿ ಅಂತ ನಾನು ಒತ್ತಾಯ ಮಾಡಿಲ್ಲ. ಕೊನೆಯ ಭೇಟಿಗೆ ಬಂದಾಗ ಹೊಸ ಪ್ರಶ್ನೆ ತಂದಿದ್ದರು. ಮುಂದಿನ ತಿಂಗಳು ಇನ್ನಿಬ್ಬರು ಸೇರುತ್ತಾರೆ, ಅವರಿಗೂ ನೀವೇ ಕಲಿಸಿ ಅಂದಿದ್ದಾರೆ, ಏನು ಮಾಡಲಿ? ನಿಮಗೆ ಕಲಿಸುವುದು ಇಷ್ಟವಾ ಅಂತ ಕೇಳಿದೆ. ತುಂಬಾ ಇಷ್ಟ ಅಂದರು. ಹಾಗಿದ್ದರೆ ಕಲಿಸಿ. ಆದರೆ ಶುರು ಮಾಡುವ ಮೊದಲು ಅದನ್ನು ಈ ವರ್ಷದ ನಿಮ್ಮ ಗುರಿಗಳ ಪಟ್ಟಿಯಲ್ಲಿ ಬರೆಸಿಕೊಳ್ಳಿ, ಎಷ್ಟು ಗಂಟೆ ಅನ್ನುವುದರ ಸಮೇತ.