ಬೀಗದ ಕೈ ಯಾರ ಬಳಿ ಇರಬೇಕು?

ಪ್ರಶ್ನೆ: ನಮ್ಮದು ವಿರಾಜಪೇಟೆ ಸಮೀಪದ ತೋಟದ ಮನೆ. ಸೊಸೆಗೆ 34 ವರ್ಷ, ಏಳು ವರ್ಷದ ಮಗಳಿದ್ದಾಳೆ. ಹೆರಿಗೆಯ ನಂತರದ ಸೊಂಟನೋವಿಗೆಂದು ಆರಂಭವಾದ ಟ್ರಮಡಾಲ್ ಮಾತ್ರೆ ದಿನಕ್ಕೆ ಹತ್ತರವರೆಗೂ ಏರಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ಒಂದೂವರೆ ತಿಂಗಳಾಯಿತು. ಈಗ ದಿನವೂ ನಾಲಿಗೆಯ ಕೆಳಗೆ ಇಡುವ ಬೂಪ್ರೆನಾರ್ಫಿನ್ ಮಾತ್ರೆ ಕೊಟ್ಟಿದ್ದಾರೆ. ಇದು ಒಂದು ಚಟ ಬಿಡಿಸಿ ಇನ್ನೊಂದನ್ನು ಹಿಡಿಸಿದಂತಲ್ಲವೇ? ಬೀರುವಿನ ಬೀಗದ ಕೈ ನನ್ನ ಬಳಿಯೇ ಇದೆ. ಅವಳು ಗೋಣಿಕೊಪ್ಪಕ್ಕೆ ಹೋಗಿ ಬಂದರೆ ಚೀಲ ನೋಡುತ್ತೇನೆ. ವೈದ್ಯರು ಕುಟುಂಬ ಚಿಕಿತ್ಸೆಗೆ ಎಲ್ಲರೂ ಬನ್ನಿ ಎನ್ನುತ್ತಾರೆ. ಮಗ ಮಾತ್ರ “ಚಟ ಅವಳದ್ದು, ನಾನ್ಯಾಕೆ ಬರಲಿ” ಎನ್ನುತ್ತಾನೆ. ಸುಗ್ಗಿ ಹಬ್ಬವಾದ ಪುತ್ತರಿಗೆ ಒಕ್ಕದವರೆಲ್ಲ, ಅಂದರೆ ನಮ್ಮ ಮನೆತನದವರೆಲ್ಲ, ಸೇರುವಾಗ ಏನು ಹೇಳಬೇಕೆಂದೂ ತಿಳಿಯುತ್ತಿಲ್ಲ.

ಉತ್ತರ: ಅಮ್ಮಾ, ಮೊದಲು ಮಾತ್ರೆಯ ವಿಷಯ ಹೇಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಟ್ರಮಡಾಲ್ ಬರಿಯ ನೋವಿನ ಮಾತ್ರೆಯಲ್ಲ. ಅಫೀಮಿನಂತೆಯೇ ಮಿದುಳಿನ ಮೇಲೆ ಕೆಲಸ ಮಾಡುವ ಓಪಿಯಾಯ್ಡ್ ಗುಂಪಿಗೆ ಸೇರಿದ ಅದನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ತರಲಾಯಿತು. ಬೂಪ್ರೆನಾರ್ಫಿನ್ ಕೂಡ ಅದೇ ಗುಂಪಿನದು ಎಂಬುದು ನಿಜ. ಆದರೆ ಅದರ ಪರಿಣಾಮ ಒಂದು ಮಿತಿಗೆ ಬಂದು ನಿಲ್ಲುತ್ತದೆ. ಸರಿಯಾದ ಪ್ರಮಾಣದಲ್ಲಿ ಅದು ಅಮಲೇರಿಸದೆ, ಮೈಕೈ ನೋವು, ನಿದ್ರಾಹೀನತೆ ಮತ್ತು ಹಳೆಯ ಮಾತ್ರೆಗಾಗಿ ಹಪಹಪಿಸುವ ಮನಸ್ಸನ್ನು ಹಿಡಿದಿಡುತ್ತದೆ. ಮನೆಯವರ ಒತ್ತಾಯಕ್ಕೆ ಅದನ್ನು ನಿಲ್ಲಿಸಿದವರು ಮತ್ತೆ ಹಳೆಯ ಮಾತ್ರೆಗೆ ಮರಳುವುದು ಸಾಮಾನ್ಯ. ಅಷ್ಟು ಹೊತ್ತಿಗೆ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುವುದರಿಂದ ಉಸಿರೇ ನಿಲ್ಲಬಹುದು. ಕಡಿಮೆ ಮಾಡುವ ಮಾತು ವೈದ್ಯರ ಬಾಯಿಂದಲೇ ಬರಲಿ.

ಕುಟುಂಬ ಚಿಕಿತ್ಸೆ ಎಂದರೆ ತಪ್ಪು ಯಾರದೆಂದು ತೀರ್ಮಾನಿಸುವ ಪಂಚಾಯಿತಿಯಲ್ಲ. ಆಪ್ತಸಮಾಲೋಚಕರು ಹಲವೊಮ್ಮೆ ಮೂರು ತಲೆಮಾರಿನ ವಂಶವೃಕ್ಷ ಬರೆಯುವುದರಿಂದ ಆರಂಭಿಸುತ್ತಾರೆ. ಒಕ್ಕದ ಹಿರಿಯರ ಹೆಸರುಗಳನ್ನು ನೆನಪಿಟ್ಟುಕೊಂಡ ನಿಮಗೆ ಇದು ಹೊಸದೆನಿಸದು. ಆದರೆ ಅಲ್ಲಿ ಹೆಸರಿನ ಜೊತೆಗೆ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾರ ನೋವನ್ನು ಯಾರೂ ಕೇಳಲಿಲ್ಲ ಎಂಬುದನ್ನೂ ಗುರುತಿಸುತ್ತಾರೆ. ಏಳು ವರ್ಷ ಸೊಂಟ ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತವಳಿಗೆ ಆ ನೋವಿನ ಬಗ್ಗೆ ಗಂಡನ ಎದುರು ಪೂರ್ತಿಯಾಗಿ ಮಾತನಾಡಲು ಸಿಗುವ ಮೊದಲ ಅವಕಾಶ ಬಹುಶಃ ಅದೇ ಆಗಿರುತ್ತದೆ.

ನಿಮ್ಮ ಮಗನಿಗೆ ಹೇಳಿ: ದಂಪತಿಗೆಂದೇ ರೂಪಿಸಿದ ಒಂದು ಸರಳ ಕ್ರಮವಿದೆ. ದಿನವೂ ಒಂದು ನಿಗದಿತ ಹೊತ್ತಿನಲ್ಲಿ ಹೆಂಡತಿ “ಹಳೆಯ ಮಾತ್ರೆ ನಿನ್ನೆ ಮುಟ್ಟಲಿಲ್ಲ, ಇವತ್ತೂ ಮುಟ್ಟುವುದಿಲ್ಲ” ಎನ್ನುತ್ತಾಳೆ, ಬೂಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡುತ್ತಾಳೆ. ಗಂಡ ಅದಕ್ಕೆ ಮೆಚ್ಚುಗೆ ಹೇಳುತ್ತಾನೆ. ಹಿಂದಿನದನ್ನು ಕೆದಕುವುದಾಗಲಿ, ಮುಂದೇನಾಗುವುದೋ ಎಂದು ಬೆದರಿಸುವುದಾಗಲಿ ಕೂಡದು. ಅದೇನಿದ್ದರೂ ಸಮಾಲೋಚಕರ ಎದುರಿಗೆ. ಆ ಮಾತ್ರೆ ಕರಗಲು ಐದರಿಂದ ಹತ್ತು ನಿಮಿಷ ಬೇಕು, ಅಷ್ಟು ಹೊತ್ತು ಅವಳು ಮಾತನಾಡಬಾರದು, ಕಾಫಿ ಕುಡಿಯಬಾರದು. ಆಗ ಪ್ರಶ್ನೆ ಕೇಳದೆ ಪಕ್ಕದಲ್ಲಿ ಕೂರುವುದು ಅವನಿಗೆ ಸಾಧ್ಯವಾದರೆ ಅಷ್ಟು ಸಾಕು. ಮನೆಯಲ್ಲಿ ಹೊಡೆತ ಬಡಿತ ನಡೆದಿದ್ದರೆ ಮಾತ್ರ ಅವಳೊಬ್ಬಳೇ ಮೊದಲು ಸಮಾಲೋಚಕರನ್ನು ಕಾಣಬೇಕು. ಜಂಟಿ ಮಾತುಕತೆ ಆಮೇಲಿನದು.

ಪುತ್ತರಿಯ ದಿನ ಯಾರಿಗೆ ಎಷ್ಟು ಹೇಳಬೇಕೆಂಬುದು ನಿಮ್ಮ ಸೊಸೆಯ ತೀರ್ಮಾನ. ಚಿಕಿತ್ಸೆಯ ವಿಷಯ ಗೋಪ್ಯವಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟಿದೆ. ನನಗೆ ಹೆಚ್ಚು ಆತಂಕವಿರುವುದು ಬೇರೆ ಸಂಗತಿಯ ಬಗ್ಗೆ: ನಮ್ಮ ಕಡೆ ಹಬ್ಬದೂಟದಲ್ಲಿ ಹೆಂಗಸರಿಗೂ “ಸ್ವಲ್ಪ ತೆಗೆದುಕೊ” ಎಂದು ಗ್ಲಾಸು ಕೊಡುವುದುಂಟು. ಈ ಔಷಧದ ಜೊತೆ ಮದ್ಯವಾಗಲಿ ನಿದ್ರೆಮಾತ್ರೆಯಾಗಲಿ ಸೇರಿದರೆ ಉಸಿರಾಟ ಕುಗ್ಗುತ್ತದೆ. “ಅವಳಿಗೆ ಔಷಧ ನಡೆಯುತ್ತಿದೆ, ಬೇಡ” ಎಂದು ಹಿರಿಯರಾದ ನೀವೇ ಹೇಳಿಬಿಟ್ಟರೆ ಅವಳು ಹತ್ತು ಜನರಿಗೆ ಕಾರಣ ಹೇಳುವುದು ತಪ್ಪುತ್ತದೆ.

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕುಟುಂಬದ ಸಮಾಲೋಚನೆಯ ಬಗ್ಗೆ ವಿಚಾರಿಸಿ. ಮಳೆಗಾಲದಲ್ಲಿ ರಸ್ತೆ ಕೆಟ್ಟು ಹೋಗಲಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಬೀಗದ ಕೈ. ಅದರ ಹಿಂದಿನ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೂ ಚೀಲ ತಡಕುವುದನ್ನು ಇಂದೇ ಬಿಡಿ. ಏನೂ ಸಿಗದ ದಿನವೂ ಅವಳು ಕಳ್ಳಿಯೇ ಆಗಿ ಮಲಗುತ್ತಾಳೆ. ಒಂದು ಬೀಗ ಮಾತ್ರ ಇರಲೇಬೇಕು, ಔಷಧದ ಡಬ್ಬಿಯದು, ಏಕೆಂದರೆ ಆ ಮಾತ್ರೆ ಒಂದೇ ಆದರೂ ಏಳು ವರ್ಷದ ಮಗುವಿಗೆ ಮಾರಕವಾಗಬಲ್ಲದು. ಆ ಬೀಗದ ಕೈ ಯಾರಲ್ಲಿರಬೇಕು, ಬೀರುವಿನದನ್ನು ಯಾವಾಗ ಅವಳಿಗೆ ಕೊಡಬೇಕು ಎಂಬುದನ್ನು ಮೊದಲ ಭೇಟಿಯಲ್ಲಿ ಅವಳ ಎದುರೇ ಕೇಳಿ. ಹೋಗುವಾಗ ಗೊಂಚಲನ್ನು ಜೊತೆಗೆ ಒಯ್ಯಿರಿ.