ತೋಟದ ಮನೆಯ ಮಗು ಪ್ರೀಸ್ಕೂಲಿನಲ್ಲಿ ಅಳುತ್ತಿದ್ದರೆ ಬಿಡಿಸಬೇಕಾ?

ತೀರ್ಥಹಳ್ಳಿ ಕಡೆ ತೋಟದ ಮನೆ, ಮೂರೂವರೆ ವರ್ಷದ ಮಗಳು. ಪೇಟೆಯ ಪ್ರೀಸ್ಕೂಲಿಗೆ ಸೇರಿಸಿ ಎರಡು ವಾರವಾದರೂ ಗೇಟಿನ ಹತ್ತಿರ ಅಳು ನಿಂತಿಲ್ಲ, ಈ ವರ್ಷ ಬಿಡಿಸಿಬಿಡಲಾ ಅಂತ ಕೇಳಿದ್ದೀರಿ. ನಾನೂ ಇದೇ ಕಡೆಯವಳು, ಪುಟ್ಟ ಮಕ್ಕಳಿಗೆ ಟೀಚರ್. ಈಗಲೇ ಬಿಡಿಸಬೇಡಿ. ಎರಡು ವಾರ ಏನೂ ಜಾಸ್ತಿ ಅಲ್ಲ.

ನೀವು ಹೋಗಿ ಅರ್ಧ ಗಂಟೆಯಾದ ಮೇಲೆ ಅವಳು ಏನು ಮಾಡುತ್ತಿರುತ್ತಾಳೆ? ಮೊದಲು ಅದನ್ನು ಟೀಚರ್ ಹತ್ತಿರ ಕೇಳಿ. ಗೇಟಿನಲ್ಲಿ ಚೀರಾಡಿದ ಎಷ್ಟೋ ಮಕ್ಕಳು ಅಷ್ಟು ಹೊತ್ತಿಗೆ ಆಟಕ್ಕೆ ಕೂತಿರುತ್ತವೆ. ಹಾಗಿದ್ದರೆ ಧೈರ್ಯವಾಗಿರಿ. ಆದರೆ ದಿನವಿಡೀ ಅಳು, ಊಟ ಬೇಡ, ರಾತ್ರಿ ಬೆಚ್ಚಿ ಏಳುವುದು, ಇದು ವಾರಗಟ್ಟಲೆ ಮುಂದುವರಿದರೆ ಟೀಚರ್ ಜೊತೆ ಕೂತು ಮಾತಾಡಿ, ಡಾಕ್ಟರಿಗೂ ತೋರಿಸಿ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಕಷ್ಟ ಇದೆ. ಮಲೆನಾಡಿನ ಒಂಟಿ ಮನೆಗಳಲ್ಲಿ ಅಜ್ಜಿ, ಅಮ್ಮ, ನಾಯಿ, ಕೊಟ್ಟಿಗೆಯ ಕರು ಇಷ್ಟೇ ಜೊತೆ. ಒಂದೇ ಕೋಣೆಯಲ್ಲಿ ಅಷ್ಟೊಂದು ಮಕ್ಕಳ ಗಲಾಟೆಯನ್ನು ಅವು ಕೇಳಿಯೇ ಇರುವುದಿಲ್ಲ. ನನ್ನ ಹತ್ತಿರ ಬಂದ ಒಬ್ಬ ಹುಡುಗ ಪ್ರಾರ್ಥನೆ ಶುರುವಾದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದ. ಅವನಿಗೆ ಅಮ್ಮ ಬಿಟ್ಟುಹೋದ ಬೇಜಾರಿಗಿಂತ ಸದ್ದಿನ ಹೆದರಿಕೆ. ಎಲ್ಲರಿಗಿಂತ ಮೊದಲೇ ಕರ್ಕೊಂಡು ಬನ್ನಿ ಅಂತ ಅವರಪ್ಪನಿಗೆ ಹೇಳಿದೆ. ಖಾಲಿ ಕೋಣೆಯಲ್ಲಿ ನಾವಿಬ್ಬರೂ ಚಾಪೆ ಹಾಸುತ್ತಿದ್ದೆವು. ಒಬ್ಬೊಬ್ಬರಾಗಿ ಬಂದವರಿಗೆ "ನೀನು ಇಲ್ಲಿ ಕೂತ್ಕೋ" ಅಂತ ಜಾಗ ತೋರಿಸುವುದು ಅವನ ಕೆಲಸವಾಯಿತು. ಬಾಗಿಲ ಹಿಂದೆ ಹೋಗುವುದು ತಾನಾಗೇ ನಿಂತಿತು. ನೀವೂ ಸ್ವಲ್ಪ ಬೇಗ ಕರೆದುಕೊಂಡು ಹೋಗಿ, ಮಗಳಿಗೊಂದು ಪುಟ್ಟ ಕೆಲಸ ಕೊಡಿ ಅಂತ ಟೀಚರಿಗೆ ಹೇಳಿ. ಯಾರ ಪಕ್ಕ ಕೂರುತ್ತಾಳೋ ಆ ಮಗುವನ್ನು ಭಾನುವಾರ ನಿಮ್ಮ ಮನೆಗೆ ಆಟಕ್ಕೆ ಕರೆಯಿರಿ.

ಕಣ್ಣು ತಪ್ಪಿಸಿ ಮಾತ್ರ ಬರಬೇಡಿ. ಆ ಹೊತ್ತಿಗೆ ಸುಲಭ ಅನ್ನಿಸುತ್ತದೆ, ಆದರೆ ಆಮೇಲೆ ಮಗು ಮನೆಯಲ್ಲೂ ನಿಮ್ಮ ಸೆರಗು ಬಿಡುವುದಿಲ್ಲ. ಹೇಳಿಯೇ ಹೊರಡಿ, ಹೊರಟ ಮೇಲೆ ತಿರುಗಿ ಬರಬೇಡಿ. "ಹನ್ನೆರಡೂವರೆಗೆ ಬರ್ತೀನಿ" ಅಂದರೆ ಅವಳಿಗೆ ಏನು ಗೊತ್ತಾಗಬೇಕು? "ಊಟ ಮಾಡಿ ಕೈ ತೊಳ್ಕೊಂಡ ಮೇಲೆ ಬರ್ತೀನಿ" ಅನ್ನಿ. ಹೇಳಿದ ಹೊತ್ತಿಗೆ ಬಂದು ನಿಲ್ಲಿ. ಮಳೆಯಲ್ಲಿ ಬಸ್ಸು ತಡವಾಗಬಹುದು ಅನ್ನಿಸಿದರೆ ಹಿಂದಿನ ಬಸ್ಸಿಗೇ ಹೊರಡಿ. ಇದರಷ್ಟು ಮುಖ್ಯವಾದದ್ದು ಬೇರೆ ಇಲ್ಲ ಅಂತ ನನ್ನ ಅನಿಸಿಕೆ.

"ಹಠ ಮಾಡಿದ್ರೆ ಮಿಸ್‌ಗೆ ಹೇಳ್ತೀನಿ" ಅನ್ನುವುದನ್ನು ಮನೆಯವರೆಲ್ಲ ಬಿಡಬೇಕು. ಅಜ್ಜಿಗೂ ಮೆಲ್ಲಗೆ ಹೇಳಿ.

ಇನ್ನೊಂದು, ಉಚ್ಚೆ ವಿಷಯ. ಮನೆಯಲ್ಲಿ ಯಾವ ಮಾತಲ್ಲಿ ಹೇಳುತ್ತಾಳೋ ಅದನ್ನು ಟೀಚರಿಗೆ ತಿಳಿಸಿಡಿ. ಹೇಗೆ ಕೇಳಬೇಕು ಅಂತ ಗೊತ್ತಾಗದೆ ಬೆಳಗಿನಿಂದ ಕಟ್ಟಿಕೊಂಡು ಕೂತು, ಕೊನೆಗೆ ಅಳುವ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಬಟನ್ ಚಡ್ಡಿ ಬೇಡ, ಎಲಾಸ್ಟಿಕ್‌ನದೇ ಹಾಕಿ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ ಇರಲಿ, ಮಳೆಗಾಲಕ್ಕೆ ಹೇಗೂ ಬೇಕು.

ಓದಿನಲ್ಲಿ ಹಿಂದೆ ಬೀಳುತ್ತಾಳೆ ಅನ್ನುವ ಭಯವಿದ್ದರೆ ಬಿಡಿ. ಒಂದನೇ ಕ್ಲಾಸಿಗೆ ಆರು ವರ್ಷ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಈ ವರ್ಷ ಅವಳು ಅಕ್ಷರ ಕಲಿಯದಿದ್ದರೂ ಪರವಾಗಿಲ್ಲ.

ಜುಲೈನಲ್ಲಿ ಮಳೆ ರಜೆ ಸಿಕ್ಕರೆ, ಅದು ಮುಗಿದು ಶಾಲೆಗೆ ಹೊರಟಾಗ ಅಳು ಮತ್ತೆ ಬರಬಹುದು, ಗಾಬರಿಯಾಗಬೇಡಿ. ಆ ರಜೆಯಲ್ಲೂ ಬೆಳಿಗ್ಗೆ ಅದೇ ಹೊತ್ತಿಗೆ ಎಬ್ಬಿಸಿ, ಅದೇ ಡಬ್ಬಿಯಲ್ಲಿ ಜಗುಲಿ ಮೇಲೆ ತಿಂಡಿ ಕೊಡಿ. ಶಾಲೆ ಶುರುವಾಗುವ ಹಿಂದಿನ ಸಂಜೆ ಟೀಚರಿಗೆ ಫೋನ್ ಮಾಡಿ, ಮಗಳ ಕೈಗೇ ಕೊಡಿ.